ಕೊಸರು

ಮೂವತ್ತೊಂದು ವರ್ಷ ಈ ಕಾಂಪೌಂಡಿನ ಪಕ್ಕದಲ್ಲೇ
ಬೆಳಗಿನ ಜಾವ ಮೂರೂವರೆಗೆ ಹಾದುಹೋದವಳು
ನಮ್ಮತ್ತೆ ಪಿಳ್ಳಮ್ಮ.
ತಲೆಯ ಮೇಲೆ ಒದ್ದೆ ಗೋಣಿ, ಒಳಗೆ ಕನಕಾಂಬರ.
ಕೋಟೆ ವೆಂಕಟರಮಣನಿಗೆ ತುಳಸಿ ಹಾರ ಮುಟ್ಟಿಸಿ
ಮಾರ್ಕೆಟ್ಟಿನ ಮೆಟ್ಟಿಲಲ್ಲಿ ಜಾಗ ಹಿಡಿಯುವ ಅವಸರ.
ಒಳಗೇನಿದೆ ಎಂದು ಯಾರಾದರೂ ಕೇಳಿದರೆ
"ಟಿಪ್ಪು ಅರಮನೆಯಂತೆ. ಬೇಸಿಗೆ ಕಳೆಯೋಕೆ ಬರ್ತಿದ್ನಂತೆ.
ನಮಗೆ ಬೇಸಿಗೇಲೇ ವ್ಯಾಪಾರ, ಮದುವೆ ಸೀಸನ್ನು."

ಹೋದ ಯುಗಾದಿಗೆ ಮಂಡಿ ಕೈಕೊಟ್ಟಿತು.
ಮೆಟ್ಟಿಲಿನ ಜಾಗ ತಂಗಿಯ ಮಗಳಿಗೆ ಹೋಯಿತು.
ಭುವಿಗೆ ಸ್ಕೂಲಿನಲ್ಲಿ ಹೇಳಿದ್ದಾರೆ:
ನೋಡಿದ ಒಂದು ಹಳೆಯ ಕಟ್ಟಡದ ಬಗ್ಗೆ ಹತ್ತು ಸಾಲು.
ಅದಕ್ಕೇ ಈ ಭಾನುವಾರ ಎಲ್ಲರೂ ನಮ್ಮದೇ ಆಟೋದಲ್ಲಿ,
ಮೀಟರ್ ಹಾಕದೆ,
ನನ್ನ ಗಂಡ ಕೆಂಪರಾಜು ಮೊದಲ ಸಲ ಖಾಕಿ ಬಿಟ್ಟು
ಹೂವಿನ ಚಿತ್ರದ ಷರ್ಟಿನಲ್ಲಿ.

ಟಿಕೆಟ್ಟಿಗೆ ಫೋನ್ ಹಿಡಿಯಬೇಕಂತೆ ಚೌಕದ ಮುಂದೆ.
ಅತ್ತೆ ಆಗಲೇ ಎಲೆ ಅಡಿಕೆ ಚೀಲ ಬಿಚ್ಚಿ
ಚಿಲ್ಲರೆ ಎಣಿಸುತ್ತಿದ್ದಳು.
ಎಣಿಸಿದ್ದನ್ನು ಮತ್ತೆ ಒಳಗೆ ಹಾಕುವಾಗ
ಅವಳ ಮುಖ ಸ್ವಲ್ಪ ಸಣ್ಣಗಾಯಿತು.

ಒಳಗೆ ಮರವೋ ಮರ.
ತೇಗದ ಕಂಬಗಳು, ಕಂಬದ ತಲೆಯಲ್ಲಿ ಕಮಾನು,
ಕಮಾನಿನಾಚೆ ಇನ್ನೊಂದು ಕಮಾನು,
ಅದರೊಳಗೆ ತುಂಡು ಆಕಾಶ,
ಆ ಆಕಾಶಕ್ಕೆ ಅಡ್ಡಲಾಗಿ ಆಸ್ಪತ್ರೆ ಕಡೆ ಹೋಗುವ ತಂತಿ.
"ತಣ್ಣಗಿದೆ," ಎಂದಳು ಅತ್ತೆ. "ಹೂವು ಬಾಡಲ್ಲ ಇಲ್ಲಿ."

ಆಮೇಲೆ ಒಂದು ಕಂಬದ ಬುಡಕ್ಕೆ ಹೋಗಿ
ಮೊಣಕೈ ಊರಿ ಬೆರಳು ಚಾಚಿದಳು:
ಒಂದು. ಎರಡು. ಸುತ್ತಿ ಬಂದು ಮೂರು.
ಸೀಟಿ ಊದಿದ ಕಾವಲಿನವ, ಮುಟ್ಟಬೇಡಿ ಅಜ್ಜಿ!
"ಮುಟ್ಟಿಲ್ಲಪ್ಪ, ಅಳೆದೆ. ಮೂರೂವರೆ ಮೊಳ."
ಅವನಿಗೆ ನಗು ತಡೆಯಲಾಗಲಿಲ್ಲ.
ಅವಳ ಮೊಳ ಚಿಕ್ಕದು. ಅದು ಮಾರ್ಕೆಟ್ಟಿಗೆಲ್ಲ ಗೊತ್ತು.
ಗಿರಾಕಿಗಳು ಜಗಳಕ್ಕೆ ಬಂದಾಗೆಲ್ಲ
"ನನ್ನ ಕೈ ದೇವರು ಮಾಡಿದ್ದು, ನಾನೇನು ಮಾಡ್ಲಿ" ಎಂದು
ಗೇಣುದ್ದ ಕೊಸರು ಹಾಕಿ ಕಳಿಸುತ್ತಿದ್ದಳು.

ಮಹಡಿಯ ಗೋಡೆಯಲ್ಲಿ ಅಲ್ಲಲ್ಲಿ ಉಳಿದ ಬಣ್ಣ,
ಬಳ್ಳಿ, ಎಲೆ, ಅರ್ಧ ಹೂವು.
ಅದನ್ನೇ ಎಷ್ಟೋ ಹೊತ್ತು ನೋಡಿದಳು.
ಸೇವಂತಿಗೆ ಅಲ್ಲ, ಬಟನ್ ಗುಲಾಬಿಯೂ ಅಲ್ಲ.
"ಇದನ್ನ ನಾನು ಮಾರಿಲ್ಲ," ಎಂದಳು ಕೊನೆಗೆ,
ಯಾರೋ ಆರೋಪ ಹೊರಿಸಿದ ಹಾಗೆ.

ನಮ್ಮ ಮನೆಯಲ್ಲಿ ಯಾವಾಗಲೂ ಮುಡಿದದ್ದು ಉಳಿದ ಹೂವು.
ಒಂಬತ್ತು ವರ್ಷದಲ್ಲಿ ಒಮ್ಮೆಯೂ ನಾನು ಕೇಳಿಲ್ಲ,
ಅವಳೂ ಹೇಳಿಲ್ಲ.
ಮೆಟ್ಟಿಲಿಳಿಯುವಾಗ ಅವಳ ತೋಳು ಹಿಡಿದೆ,
ಅದು ನಿಜಕ್ಕೂ ಚಿಕ್ಕದು.

ತೋಟದಲ್ಲಿ ಚಿತ್ರಾನ್ನದ ಡಬ್ಬಿ ತೆರೆಯಲು ಬಿಡಲಿಲ್ಲ.
ಹುಲ್ಲಿನ ಅಂಚಿನ ಚೆಂಡುಹೂವು ನೋಡಿ
"ನೀರು ಜಾಸ್ತಿ ಹಾಕಿದ್ದಾರೆ, ಬುಡ ಕೊಳೆಯುತ್ತೆ" ಎಂದು
ಮಾಲಿಯನ್ನು ಕರೆದು ಹೇಳಿಯೇ ಹೇಳಿದಳು.
ಕೆಂಪರಾಜು ಅಮ್ಮಾ ಅಮ್ಮಾ ಅನ್ನುತ್ತಾ ದೂರ ನಿಂತ.
ಮಾಲಿ ಮಾತ್ರ ಕೂತು ಬುಡ ಕೆದಕಿ ನೋಡಿದ.

ಸಂಜೆ ಬಾಗಿಲು ಹಾಕುವ ಸೀಟಿ.
ಎಲ್ಲರೂ ಎದ್ದರು.
ಇವಳು ಕಲ್ಲುಕಟ್ಟೆಯಲ್ಲಿ ಕಾಲು ಚಾಚಿ,
ಆ ಮಂಡಿ ನೀವಿಕೊಳ್ಳುತ್ತ, ಕಾವಲಿನವನಿಗೆ:
"ಐದು ನಿಮಿಷ ಕೊಸರು ಹಾಕಪ್ಪ."
ಅವನು ಗಡಿಯಾರ ನೋಡಿದ. ಬೀಗದ ಕೈ ಕುಲುಕುತ್ತ
ಆಚೆ ಕಡೆಯ ಗೇಟಿಗೆ ಮೊದಲು ಹೋದ.

ಕಾರ್ನಿವಾಲಿನಂಥ ಗದ್ದಲ ರಸ್ತೆಯಲ್ಲಿ,
ಒಳಗೆ ಒಂದು ಅಳಿಲು.
ನಾವು ಮಾತಾಡಲಿಲ್ಲ.

ಭುವಿ ಹತ್ತು ಸಾಲು ಕೇಳಿದ್ದಕ್ಕೆ ಹನ್ನೊಂದು ಬರೆದಳು.
ಕಟ್ಟಿಸಿದವರು, ವರ್ಷ, ಮರ, ಎಲ್ಲ ಬೋರ್ಡಿನಿಂದ.
ಕೊನೆಯದು:
ಇಲ್ಲಿನ ಕಂಬ ಮೂರೂವರೆ ಮೊಳ ದಪ್ಪ ಇದೆ.
ಟೀಚರು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ
ಪಕ್ಕದಲ್ಲಿ ಕೇಳಿದ್ದಾರೆ:
ಯಾರ ಮೊಳ?